ಕಾಲು, ವೀಸ, ಕಾಣಿ



ದತ್ತಿಯೆಂಬುದೇ ಒಂದು ಲೆಕ್ಕ. ಅಸಲನ್ನು ಮುಟ್ಟದೆ, ವರ್ಷಂಪ್ರತಿ ಒದಗುವ ಬಡ್ಡಿಯೊಂದರಿಂದಲೇ ಒಬ್ಬ ಉಪನ್ಯಾಸಕನ ಹಾದಿಖರ್ಚನ್ನೂ ಒಂದು ಹಾರವನ್ನೂ ಸಭಿಕರ ಕಾಫಿಯನ್ನೂ ತೂಗಿಸಿಕೊಂಡು ಹೋಗಬೇಕೆಂಬ ಈ ಏರ್ಪಾಡನ್ನು ಮಾಡಿದ ಹಿರಿಯರು ತಾವೂ ಗಣಿತದ ಅಧ್ಯಾಪಕರಾಗಿದ್ದವರು. ಬಡ್ಡಿಯ ದರ ಇಳಿಯುತ್ತಲೂ ಕಾಫಿಯ ದರ ಏರುತ್ತಲೂ ಬರುವುದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ತಿಳಿದೂ ಇಟ್ಟರೆಂಬುದರಲ್ಲಿ ಅವರ ದೊಡ್ಡತನವಿದೆ. ಕಾಫಿ ಮುಗಿದುಹೋಗುವ ಮೊದಲೇ ನನ್ನನ್ನು ಕರೆದರೆಂಬುದರಲ್ಲಿ ನನ್ನ ಭಾಗ್ಯವಿದೆ. ಶಾಲೆಗಳಲ್ಲಿ ಲೆಕ್ಕ ಕಲಿಸುವ ರೀತಿ ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟಿತೆಂಬುದನ್ನು ಕುರಿತು ಮಾತನಾಡಬೇಕೆಂದು ಅಪ್ಪಣೆಯಾಗಿದೆ. ಈ ವಿಷಯದಲ್ಲಿ ನನಗಿರುವ ಅಧಿಕಾರ ಇಷ್ಟೇ: ನಾನು ಆಣೆಯಲ್ಲಿ ಲೆಕ್ಕ ಕಲಿತು, ಪೈಸೆಯಲ್ಲಿ ಲೆಕ್ಕ ಕಲಿಸಿ, ಎರಡೂ ಕಾಣಸಿಗದ ಕಾಲದಲ್ಲಿ ನಿವೃತ್ತಿವೇತನವನ್ನು ಎಣಿಸುತ್ತಿರುವವನು.

ಬೆಳ್ಳಾರೆಯಲ್ಲಿ ನಿಂತು ಲೆಕ್ಕದ ಮಾತನ್ನೆತ್ತುವವನು ಇಲ್ಲಿಯ ಖಜಾನೆಯನ್ನು ನೆನೆಯದೆ ಮುಂದರಿಯಲಾರನು. 1834ರಲ್ಲಿ ಕೊಡಗಿನ ರಾಜ್ಯ ಕಂಪೆನಿಯ ವಶವಾಗಿ, ಅದುವರೆಗೆ ಆ ಅರಸರ ಅಧೀನದಲ್ಲಿದ್ದ ಅಮರ ಸುಳ್ಯದ ಸೀಮೆ ಕೆನರಾ ಜಿಲ್ಲೆಗೆ ಸೇರಿತಷ್ಟೆ. ಬೆಳೆದುದರಲ್ಲಿಯೇ ಒಂದು ಪಾಲನ್ನು ಅಳೆದು ಕೊಟ್ಟು, ಕೈಮುಗಿದು, ಮನೆಗೆ ಮರಳುತ್ತಿದ್ದ ರೈತನು ಇನ್ನು ಮೇಲೆ ಕಂದಾಯವನ್ನು ನಗದಾಗಿಯೇ ಕಟ್ಟತಕ್ಕದ್ದೆಂಬ ಆಜ್ಞೆ ಅದರ ಬೆನ್ನಿಗೇ ಬಂತು. 1837ರ ಮಾರ್ಚ್ ತಿಂಗಳ ಕೊನೆಯಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಕೂಡಿದ ದಂಡು, ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳುತನದಲ್ಲಿ ಬೆಳ್ಳಾರೆಯ ಖಜಾನೆಯನ್ನು ಕೈವಶ ಮಾಡಿಕೊಂಡು ಮಂಗಳೂರಿನವರೆಗೂ ನಡೆದ ಕಥೆಯನ್ನು ಈ ಸಭೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇದ್ದಾರೆ. ಇತಿಹಾಸಜ್ಞರು ಈ ದಂಗೆಗೆ ಹಲವು ಕಾರಣಗಳನ್ನು ಹೇಳುವರು. ಲೆಕ್ಕದ ಮಾಷ್ಟ್ರ ಕಣ್ಣಿಗೆ ಬೀಳುವ ಕಾರಣ ಒಂದು ತ್ರೈರಾಶಿ. ಕಂದಾಯದ ರೂಪಾಯಿ ನಿಗದಿಯಾಗಿದ್ದು, ಕೊಯ್ಲಿನ ಸಮಯದಲ್ಲಿ ಅಕ್ಕಿಯ ಧಾರಣೆ ಇಳಿದರೆ, ಅದೇ ರೂಪಾಯಿಗೆ ಎಷ್ಟು ಮುಡಿ ಹೆಚ್ಚಾಗಿ ಮಾರಬೇಕಾಗುವುದು? ಈ ಲೆಕ್ಕವನ್ನು ಶ್ಯಾನುಭೋಗನು ಬಲ್ಲನು, ಸಾಹುಕಾರನು ಅವನಿಗಿಂತ ಚೆನ್ನಾಗಿ ಬಲ್ಲನು. ಉತ್ತ ರೈತನು ಮಾತ್ರ ಅದರ ಉತ್ತರವನ್ನು ಕಣಜದ ತಳ ಕಂಡ ಮೇಲೆ ತಿಳಿದುಕೊಳ್ಳುವನು. ಶಾಲೆಯಲ್ಲಿ ಯಾವ ಲೆಕ್ಕ ಕಲಿಸಬೇಕೆಂಬುದನ್ನು ಗುರುಗಳು ನಿಶ್ಚಯಿಸುವರೆಂದು ನಾವು ಭಾವಿಸುತ್ತೇವೆ. ನನ್ನ ಅನುಭವದಲ್ಲಿ ಅದನ್ನು ನಿಶ್ಚಯಿಸುವುದು ಖಜಾನೆ. ಖಜಾನೆಯ ಅಳತೆ ಬದಲಾದಾಗ ಶಾಲೆಯ ಮಗ್ಗಿ ಬದಲಾಗುತ್ತದೆ. ಮನೆಯ ಅಳತೆಯಾದರೋ ತನ್ನ ಪಾಡಿಗೆ ತಾನು ಬೇರೆ ದಾರಿಯಲ್ಲಿ ನಡೆಯುತ್ತಿರುತ್ತದೆ.

ಈ ಜಿಲ್ಲೆಯಲ್ಲಿ ಸರಕಾರದ ಶಾಲೆಗಳು ಬರುವ ಮೊದಲು ಇದ್ದುವು ಐಗಳ ಮಠಗಳು. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಪ್ರತಿಯೊಂದು ಜಿಲ್ಲೆಯ ಶಾಲೆಗಳ ಸಂಖ್ಯೆಯನ್ನು ಕೇಳಿ ಬರೆಸಿದಾಗ, ಕೆನರಾದಿಂದ ಮಾತ್ರ ಅಂಕಿಗಳೇ ಹೋಗಲಿಲ್ಲ. ಇಲ್ಲಿ ನೆಲೆಯಾದ ಶಾಲೆಗಳಿಲ್ಲ, ಗೊತ್ತಾದ ಗುರುಗಳಿಲ್ಲ, ಇರುವ ವಿದ್ಯಾಭ್ಯಾಸವೆಲ್ಲ ಖಾಸಗಿಯಾದುದು ಎಂದು ಇಲ್ಲಿಯ ಕಲೆಕ್ಟರು ಬರೆದು ಕೈತೊಳೆದುಕೊಂಡರು. ಬೆಳ್ಳಾರೆಯಂತೂ ಆಗ ಅವರ ಎಣಿಕೆಗೇ ಬರದೆ ಕೊಡಗಿನ ಅರಸರ ಕೈಯಲ್ಲಿತ್ತು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್ಬೆಲ್ ಹಾಗಲ್ಲ. ಆತನು 1823ರಲ್ಲಿ ತನ್ನ ಜಿಲ್ಲೆಯ 533 ಶಾಲೆಗಳನ್ನು ಲೆಕ್ಕ ಹಾಕಿ, ಅವುಗಳಲ್ಲಿ 235 ಕನ್ನಡದವೆಂದು ವಿಂಗಡಿಸಿ, ಒಳಗೆ ಏನು ನಡೆಯುತ್ತದೆಂಬುದನ್ನೂ ಬರೆದಿಟ್ಟನು. ಹುಡುಗನು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವನು. ಮುಂದುವರಿದ ಹುಡುಗನು ಹಿಂದಿನವನಿಗೆ ಕಲಿಸುವನು. ದಿನಕ್ಕೆರಡು ಬಾರಿ ಮಕ್ಕಳೆಲ್ಲರೂ ಸಾಲಾಗಿ ನಿಂತು ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಬ್ಬ ಹಿರಿಯ ಹುಡುಗನ ಬಾಯಿಯಿಂದ ಕೇಳಿ ಒಕ್ಕೊರಲಿನಿಂದ ಒಪ್ಪಿಸುವರು. ಭಿನ್ನರಾಶಿಗಳ ವಿಷಯದಲ್ಲಿ ಇಲ್ಲಿ ವಿಶೇಷ ಶ್ರಮ ವಹಿಸುತ್ತಾರೆಂದೂ, ಅವು ತಮ್ಮ ದೇಶದ ದಶಮಾಂಶಗಳಂತೆ ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಬಹುದೂರ ಇಳಿಯುತ್ತವೆಂದೂ ಆತನು ಗಮನಿಸಿದನು. ಒಬ್ಬ ಅಧಿಕಾರಿಯ ವರದಿಯಲ್ಲಿ ಇಷ್ಟು ಸೂಕ್ಷ್ಮವಾದ ದೃಷ್ಟಿ ಕಾಣಸಿಗುವುದು ಅಪರೂಪ. ಮದರಾಸಿನ ಎಳುಂಬೂರಿನ ಅನಾಥಾಲಯದಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಇದಕ್ಕೂ ಮುಂಚೆಯೇ ಈ ಮರಳಿನ ಬರಹವನ್ನೂ ಮಕ್ಕಳಿಂದ ಮಕ್ಕಳಿಗೆ ಪಾಠವನ್ನೂ ಅನುಕರಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿ, ಅದಕ್ಕೆ ಮದರಾಸು ಪದ್ಧತಿಯೆಂಬ ಹೆಸರನ್ನೂ ಕೊಟ್ಟಿದ್ದನು.

ನಾಲ್ಕು ನಾಲ್ಕಾಗಿ ಇಳಿಯುವ ಆ ಸೋಪಾನವನ್ನು ಸ್ವಲ್ಪ ನಿಧಾನವಾಗಿ ಇಳಿಯೋಣ. ಒಂದರ ನಾಲ್ಕನೆಯ ಪಾಲು ಕಾಲು; ಕಾಲಿನ ನಾಲ್ಕನೆಯ ಪಾಲು ವೀಸ, ಎಂದರೆ ಹದಿನಾರರಲ್ಲಿ ಒಂದು; ವೀಸದ ನಾಲ್ಕನೆಯ ಪಾಲು ಕಾಣಿ, ಎಂದರೆ ಅರವತ್ತನಾಲ್ಕರಲ್ಲಿ ಒಂದು. ಪ್ರತಿಯೊಂದು ಮೆಟ್ಟಿಲಲ್ಲಿಯೂ ಮೂರು ಪಾಲಿಗೆ ಪ್ರತ್ಯೇಕ ಹೆಸರು: ಮುಕ್ಕಾಲು, ಮೂವೀಸ, ಮುಕ್ಕಾಣಿ. ಬರೆಯುವಾಗ ಕಾಲಿಗೊಂದು ನಿಂತ ಗೀಟು, ವೀಸಕ್ಕೊಂದು ವಾಲಿದ ಗೀಟು. ಮೇಲೊಂದು ಕೆಳಗೊಂದು ಅಂಕೆಯಿಟ್ಟು ನಡುವೆ ಗೆರೆಯೆಳೆಯುವ ತಾಪತ್ರಯವಿಲ್ಲ. ಇದೇ ಸೋಪಾನದ ಮೇಲೆ ರೂಪಾಯಿಯನ್ನು ಇಟ್ಟು ನೋಡಿರಿ: ಕಾಲು ರೂಪಾಯಿ ಪಾವಲಿ, ವೀಸ ರೂಪಾಯಿ ಆಣೆ, ಕಾಣಿ ರೂಪಾಯಿ ಹಳೆಯ ಪೈಸೆ. ಸೇರನ್ನು ಇಟ್ಟರೆ ಕಾಲು ಸೇರು ಪಾವು, ವೀಸ ಸೇರು ಚಟಾಕು. ನಾಣ್ಯ, ಅಳತೆ, ಭಿನ್ನರಾಶಿ ಮೂರಕ್ಕೂ ಒಂದೇ ಏಣಿ. ಆದುದರಿಂದಲೇ "ಒಂದು ಕಾಲು ಕಾಲು, ಎರಡು ಕಾಲು ಅರೆ, ಮೂರು ಕಾಲು ಮುಕ್ಕಾಲು, ನಾಲ್ಕು ಕಾಲು ಒಂದು" ಎಂದು ಸಂಜೆ ನಾಲ್ಕು ಗಂಟೆಗೆ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಕೂಗುತ್ತಿದ್ದ ನಾವು, 1823ರ ಬಳ್ಳಾರಿಯ ಮಕ್ಕಳು ಕೂಗಿದುದನ್ನೇ ಕೂಗುತ್ತಿದ್ದೇವೆಂಬುದನ್ನು ಅರಿಯದೆಹೋದರೂ, ಕೂಗಿದುದನ್ನು ಮರುದಿನ ಅಂಗಡಿಯ ಹಲಗೆಯ ಮುಂದೆ ಖರ್ಚು ಮಾಡಬಲ್ಲವರಾಗಿದ್ದೆವು. ಇದರಲ್ಲಿ ಇನ್ನೂ ಒಂದು ಸೊಗಸಿದೆ. ನಾಲ್ಕು ಪಾಲೆಂಬುದು ಕೈಗೆ ಬರುವ ಪಾಲು. ಅಡಿಕೆಯನ್ನು ಕತ್ತರಿಯಲ್ಲಿಟ್ಟು ಎರಡು ಹೋಳು ಮಾಡಿ, ಹೋಳನ್ನು ಮತ್ತೆ ಎರಡು ಮಾಡಿದರೆ ಕಾಲಡಿಕೆ ದೊರೆಯುವುದು. ಅದೇ ಅಡಿಕೆಯನ್ನು ಸಮನಾಗಿ ಹತ್ತು ಹೋಳು ಮಾಡಿಕೊಡುವ ಗೃಹಸ್ಥನನ್ನು ನಾನಿನ್ನೂ ಕಂಡಿಲ್ಲ.

ಶಾಸ್ತ್ರಗ್ರಂಥಗಳಲ್ಲಿದ್ದ ಗಣಿತದ ಮಾತು ಬೇರೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಆದಿಯಲ್ಲಿ, ಸಂಗೀತಕ್ಕೂ ವೈದ್ಯಕ್ಕೂ ಕಡೆಗೆ ಪಾಕಶಾಸ್ತ್ರಕ್ಕೂ ಗಣಿತ ಬೇಕೆಂದು ಹೇಳಿರುವನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿರುವನು. ನಮ್ಮ ಐಗಳು ಈ ಹೆಸರುಗಳನ್ನು ಕೇಳಿದ್ದವರಲ್ಲ. ಆದರೂ ವ್ಯವಹಾರವೆಂಬ ಮಾತು ಐಗಳಿಗೂ ಶಾಸ್ತ್ರಕಾರರಿಗೂ ಸಮಾನವಾದುದು.

ಮನೆಯ ಲೆಕ್ಕ ನಾನು ಕಂಡಂತೆ ಹೇಗಿತ್ತೆಂದರೆ, ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಗದ್ದೆಯ ವಿಸ್ತೀರ್ಣವನ್ನು ಸಹ ಎಕ್ರೆಯಲ್ಲಿ ಹೇಳುತ್ತಿರಲಿಲ್ಲ. ಇಷ್ಟು ಮುಡಿ ಬೀಜ ಬಿತ್ತುವ ಗದ್ದೆಯೆಂದೇ ಮಾತು. ನನ್ನ ಅಜ್ಜ ಚಾವಡಿಯಲ್ಲಿ ಕುಳಿತು ಕಳಸೆಯಿಂದ ಭತ್ತವನ್ನು ಅಳೆಯುವಾಗ, ಮೊದಲನೆಯ ಕಳಸೆಯನ್ನು ಸುರಿಯುತ್ತ "ಲಾಭ" ಎನ್ನುತ್ತಿದ್ದರು. ಅನಂತರ ಎರಡು, ಮೂರು, ನಾಲ್ಕು. ಪಾತ್ರೆಯ ಕಂಠದ ಮೇಲೆ ಅಂಗೈ ಓಡಿಸಿ ಭತ್ತವನ್ನು ಸಮ ಮಾಡುವ ಸದ್ದೂ ಆ ಎಣಿಕೆಯೂ ಒಂದೇ ತಾಳದಲ್ಲಿ ಸಾಗುತ್ತಿದ್ದುವು. ಮೊದಲನೆಯ ಸಂಖ್ಯೆಯ ಹೆಸರೇ ಲಾಭವೆಂದು ನಂಬಿಕೊಂಡು ನಾನು ಶಾಲೆಗೆ ಹೋದೆನು. ಮೇಜಿನ ಮೇಲೆ ಮಂಜೊಟ್ಟಿಕಾಯಿಗಳನ್ನಿಟ್ಟು ಎಣಿಸೆಂದಾಗ "ಲಾಭ, ಎರಡು, ಮೂರು" ಎಂದು ಗಟ್ಟಿಯಾಗಿ ಆರಂಭಿಸಿದೆನು. ತರಗತಿ ನಕ್ಕಿತು. "ಲಾಭ ನಿನ್ನಪ್ಪನ ಕಣಜದಲ್ಲಿ, ಇಲ್ಲಿ ಒಂದು" ಎಂದರು ಗುರುಗಳು. ನಾಗರಬೆತ್ತ ಮೇಜಿನ ಮೇಲೆಯೇ ಇತ್ತಾದರೂ ಅದನ್ನು ಎತ್ತಲಿಲ್ಲವೆಂಬುದನ್ನು ಕೃತಜ್ಞತೆಯಿಂದ ಹೇಳತಕ್ಕದ್ದು. ಆ ಕಾಯಿಗಳು ಯಾವುವೆಂಬುದನ್ನು ಈಗಿನ ಕಿರಿಯರಿಗೆ ತಿಳಿಸಬೇಕು. ಆಟಿ ತಿಂಗಳ ಜಡಿಮಳೆಯಲ್ಲಿ ಹೆಂಗಸರೂ ಮಕ್ಕಳೂ ಆಡುವ ಚೆನ್ನೆಮಣೆಯಲ್ಲಿ ಎರಡು ಸಾಲುಗಳಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಒಂದು ಗುಳಿಯನ್ನು ಬರಿದುಮಾಡಿ ಒಂದೊಂದಾಗಿ ಹಂಚುತ್ತ ಹೋದರೆ ಕೊನೆಯ ಕಾಯಿ ಎಲ್ಲಿ ಬೀಳುವುದೆಂಬುದನ್ನು ಮುಟ್ಟುವ ಮೊದಲೇ ಕಾಣದವನು ಸೋಲುವನು. ನನ್ನ ಅಜ್ಜಿಗೆ ಓದುಬರಹ ಬಾರದು. ಚೆನ್ನೆಯಲ್ಲಿ ಆಕೆಯನ್ನು ಸೋಲಿಸಿದವರನ್ನು ನಾನು ಕಂಡಿಲ್ಲ. ಆ ವಿದ್ಯೆಗೂ ಶಾಲೆಯ ಲೆಕ್ಕಕ್ಕೂ ಸಂಬಂಧವಿರಬಹುದೆಂದು ಕಾಯಿಗಳನ್ನು ಮೇಜಿನ ಮೇಲಿಟ್ಟ ನನ್ನ ಗುರುಗಳಿಗೂ ತೋರಿರಲಿಲ್ಲ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅಚ್ಚುಕೂಟ ಕನ್ನಡದ ಪಾಠಪುಸ್ತಕಗಳನ್ನು ಹೊರಡಿಸಿದುದನ್ನೂ, ಪಾಸಾದ ಮಕ್ಕಳ ತಲೆಯೆಣಿಸಿ ಶಾಲೆಗೆ ಸಹಾಯಧನ ಕೊಡುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಸರಕಾರಿ ಪದ್ಧತಿಯನ್ನೂ ವಿಸ್ತರಿಸಿ ಹೇಳಲು ಈಗ ಸಮಯವಿಲ್ಲ. ಇನ್ಸ್ಪೆಕ್ಟರರು ಬರುವ ದಿನಕ್ಕಾಗಿ ಲೆಕ್ಕ ಕಲಿಸುವ ಅಭ್ಯಾಸ ಬೇರೂರಿದುದು ಆ ಕಾಲದಲ್ಲಿಯೇ ಎಂದಷ್ಟು ಹೇಳಿ ಮುಂದುವರಿಯುತ್ತೇನೆ. ಆ ಬೇರು ಇನ್ನೂ ಒಣಗಿಲ್ಲ.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಆಗ ನನಗೆ ಹನ್ನೆರಡು ವರ್ಷ. ರೂಪಾಯಿಗೆ ನೂರು ನಯಾ ಪೈಸೆಯಾದ್ದರಿಂದ ಆಣೆಗೆ ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರಕಾರ ಕೋಷ್ಟಕ ಹೊರಡಿಸಿತು. ಅಮ್ಮ ಒಂದಾಣೆಯ ಬೆಲ್ಲ, ಒಂದಾಣೆಯ ಕಡಲೆ, ಒಂದಾಣೆಯ ಉಪ್ಪು, ಅಜ್ಜನಿಗೆ ಒಂದಾಣೆಯ ನಶ್ಯ ಎಂದು ಅಂಗಡಿಗೆ ಕಳುಹಿಸಿದರೆ, ನಾಲ್ಕನ್ನೂ ಒಟ್ಟಿಗೆ ಕೊಂಡಾಗ 25, ಒಂದೊಂದಾಗಿ ಕೊಂಡಾಗ 24 ಆಗುವುದೆಂಬುದನ್ನು ನಾನು ಕಂಡುಹಿಡಿದೆನು. ಕೆಲವು ವಾರಗಳ ಕಾಲ ಬೆಲ್ಲ ಕೊಂಡು ಮೆಟ್ಟಿಲಿಳಿದು, ಮರೆತವನಂತೆ ಮತ್ತೆ ಹತ್ತಿ ಕಡಲೆ ಕೊಂಡು, ನಾಲ್ಕು ಪ್ರದಕ್ಷಿಣೆಗಳಲ್ಲಿ ಒಂದು ನಯಾ ಪೈಸೆಯನ್ನು ಗಳಿಸುತ್ತಿದ್ದೆನು. ಅಂಗಡಿಯವರು ಒಂದು ದಿನ ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿ, ಬೆಲ್ಲವನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಟ್ಟುಕೊಂಡು, "ಉಳಿದ ಮೂರೂ ಹೇಳಿಬಿಡು" ಎಂದರು. ಪೂರ್ಣಾಂಕಕ್ಕೆ ಹೊಂದಿಸುವುದೆಂಬ ಅಧ್ಯಾಯವನ್ನು ಮುಂದೆ ಮೂವತ್ತೈದು ವರ್ಷ ನಾನು ಕಲಿಸಿದುದು ಆ ಹಲಗೆಯ ಮುಂದೆ ಕಲಿತ ಪಾಠದ ಬಲದಿಂದ.

ಆದರೆ ಆ ಏಪ್ರಿಲ್ ತಿಂಗಳಲ್ಲಿ ಒಂದು ಪೈಸೆಯಷ್ಟೇ ಕಳೆದುಹೋಗಲಿಲ್ಲ. ಮುಂದಿನ ವರ್ಷ ಅಕ್ಟೋಬರಿನಿಂದ ಮೀಟರೂ ಕಿಲೋಗ್ರಾಮೂ ಹಂತಹಂತವಾಗಿ ಬಂದುವು. ನಾಲ್ಕರ ಏಣಿಯ ಕೆಳಗಿನ ಮೆಟ್ಟಿಲುಗಳು ಒಂದಾದ ಮೇಲೊಂದು ಕಳಚಿದುವು. ಆಣೆ ಹೋದುದರಿಂದ ವೀಸದ ಮಗ್ಗಿ ಹೋಯಿತು. ವೀಸ ಹೋದುದರಿಂದ ಕಾಣಿಯನ್ನು ಕೇಳುವವರಿಲ್ಲದಾಯಿತು. ಕಾಲು, ಅರೆ, ಮುಕ್ಕಾಲುಗಳು ಗಡಿಯಾರದಲ್ಲಿಯೂ ಅಡುಗೆಮನೆಯಲ್ಲಿಯೂ ಆಶ್ರಯ ಪಡೆದು ಉಳಿದುಕೊಂಡುವು. ದಶಮಾನ ಪದ್ಧತಿಯನ್ನು ದೂರಲು ನಾನಿಲ್ಲಿ ನಿಂತಿಲ್ಲ. ಮಕ್ಕಳ ತಲೆಯ ಮೇಲಿನ ದೊಡ್ಡ ಹೊರೆಯನ್ನು ಅದು ಇಳಿಸಿತು. ಒಂದು ಊರಿನ ಸೇರು ಇನ್ನೊಂದು ಊರಿನ ಸೇರಾಗದೆ ರೈತನು ಮೋಸಹೋಗುವುದು ತಪ್ಪಿತು. ಆದರೆ 0.25 ಎಂಬುದನ್ನು ಕರಿಹಲಗೆಯ ಮೇಲೆ ನಿರಾಯಾಸವಾಗಿ ಗುಣಿಸಿದ ಹುಡುಗನೊಬ್ಬನು, ಅದು ಕಾಲು ಎಂದು ನಾನು ಹೇಳಿದಾಗ, ನಾನು ಹಾಸ್ಯ ಮಾಡುತ್ತಿರುವೆನೆಂದು ಭಾವಿಸಿ ನಕ್ಕುದನ್ನು ನಾನು ಮರೆಯಲಾರೆನು. ಲಾಭವೆಂದ ನನ್ನನ್ನು ನೋಡಿ ತರಗತಿ ನಕ್ಕುದಕ್ಕೂ ಈ ನಗೆಗೂ ನಡುವೆ ಇಪ್ಪತ್ತು ವರ್ಷಗಳ ಅಂತರ. ನಗೆ ಮಾತ್ರ ಒಂದೇ.

ಅದೇ 1957ರ ಅಕ್ಟೋಬರಿನಲ್ಲಿ ರಷ್ಯದವರು ಸ್ಪುಟ್ನಿಕ್ ಹಾರಿಸಿದರು. ಅಮೆರಿಕದವರು ಬೆಚ್ಚಿಬಿದ್ದು, ತಮ್ಮ ಶಾಲೆಗಳ ಗಣಿತವೇ ಇದಕ್ಕೆ ಹೊಣೆಯೆಂದು ಬಗೆದು, ನವಗಣಿತವೆಂಬುದನ್ನು ಹುರಿದುಂಬಿಸಿದರು. ಆ ಅಲೆ ನಮ್ಮ ದಡಕ್ಕೆ ಬಂದು ತಲಪುವಾಗ 1970ರ ದಶಕ. ಅಲ್ಲಿಯೋ ಮಾರಿಸ್ ಕ್ಲೈನ್ ಎಂಬ ಗಣಿತಜ್ಞನು 1973ರಲ್ಲಿಯೇ ಅದನ್ನು ಖಂಡಿಸಿ ಪುಸ್ತಕ ಬರೆದಿದ್ದನು. ಗಣ, ಉಪಗಣ, ಶೂನ್ಯಗಣ, ವೆನ್ ನಕ್ಷೆ ಎಂಬ ಪದಗಳನ್ನು ಬೇಸಗೆಯ ತರಬೇತಿಯಲ್ಲಿ ಅಭ್ಯಸಿಸಿ ಬಂದ ನಾನು, ಹೊಸ ಶಸ್ತ್ರ ದೊರೆತ ಯೋಧನ ಉತ್ಸಾಹದಿಂದ, ಶಾಲೆಯ ಅಂಗಳದಲ್ಲಿ ಬಾವಿಯ ಹಗ್ಗಗಳಿಂದ ನಾಲ್ಕು ವೃತ್ತಗಳನ್ನು ಒಂದರ ಮೇಲೊಂದು ಹಾಯುವಂತೆ ಸುತ್ತಲೂ ಹಾಕಿದೆನು: ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ. ಯಾರಿಗೆ ಯಾವ ಯಾವ ಮಾತು ಬರುವುದೋ ಆ ಸ್ಥಾನದಲ್ಲಿ ನಿಲ್ಲತಕ್ಕದ್ದು. ತುಳು ಮಾತ್ರ ಬಲ್ಲವರು, ತುಳುವೂ ಅರೆಭಾಷೆಯೂ ಬಲ್ಲವರು, ನಾಲ್ಕನ್ನೂ ಬಲ್ಲ ಇಬ್ಬರು ಎಲ್ಲರೂ ತಂತಮ್ಮ ಜಾಗದಲ್ಲಿ ನಿಂತರು. ಹವ್ಯಕರ ಮನೆಯ ಒಬ್ಬ ಹುಡುಗಿ ಮಾತ್ರ ಹಗ್ಗಗಳ ಹೊರಗೆ ಉಳಿದಳು. "ನನಗೆ ಮನೆಮಾತೂ ತುಳುವೂ ಮಾತ್ರ ಬರುವುದು ಮಾಷ್ಟ್ರೇ, ನನಗಿಲ್ಲಿ ಜಾಗವಿಲ್ಲ" ಎಂದಳು. ನಾನು ಹಗ್ಗವನ್ನು ಅತ್ತ ಎಳೆದೆನು, ಇತ್ತ ಎಳೆದೆನು; ಅವಳಿಗೆ ಜಾಗ ಮಾಡಿಕೊಟ್ಟಾಗಲೆಲ್ಲ ಇನ್ನೊಂದು ಜಾಗ ಅಳಿಸಿಹೋಗುತ್ತಿತ್ತು. ರಾತ್ರಿ ಚಿಮಿಣಿ ದೀಪದಲ್ಲಿ ಕುಳಿತು ನೋಡುವಾಗ ಗುಟ್ಟು ಹೊರಬಿತ್ತು: ನಾಲ್ಕು ಗಣಗಳಿಗೆ ಹೊರಗಿನದೂ ಸೇರಿ 16 ಪ್ರದೇಶಗಳು ಬೇಕು; ನಾಲ್ಕು ವೃತ್ತಗಳಿಂದ ಎಷ್ಟು ಹೆಣಗಿದರೂ 14ಕ್ಕಿಂತ ಹೆಚ್ಚು ಆಗುವುದೇ ಇಲ್ಲ. ವೆನ್ ಮಹಾಶಯನೇ 1880ರಲ್ಲಿ ನಾಲ್ಕು ಗಣಗಳಿಗೆ ವೃತ್ತವನ್ನು ಬಿಟ್ಟು ದೀರ್ಘವೃತ್ತವನ್ನು ಬಳಸಿದ್ದನೆಂದು ಆಮೇಲೆ ಓದಿ ತಿಳಿದೆನು. ಮರುದಿನ ಹಗ್ಗಗಳನ್ನು ಸೌತೆಕಾಯಿಯ ಆಕಾರಕ್ಕೆ ಎಳೆದು ಆ ಹುಡುಗಿಯನ್ನು ಒಳಗೆ ನಿಲ್ಲಿಸಿದೆನು. ನವಗಣಿತವನ್ನು ಜರೆಯುವುದು ಈಗ ವಾಡಿಕೆಯಾಗಿದೆ. ಆ ಒಂದು ದಿನಕ್ಕಾಗಿ ನಾನು ಅದನ್ನು ಪೂರ್ತಿಯಾಗಿ ಜರೆಯಲಾರೆನು.

ಬಾಯಿಪಾಠ ಮೇಲೋ ಅರ್ಥಗ್ರಹಣ ಮೇಲೋ ಎಂಬ ವಿವಾದ ಅಂದಿನಿಂದ ಇಂದಿನವರೆಗೂ ನಡೆದಿದೆ. ಪುತ್ತೂರಿನಲ್ಲಿ ನೆಲೆಸಿ, ಮಕ್ಕಳಿಗಾಗಿ ಬಾಲಪ್ರಪಂಚವನ್ನು ರಚಿಸಿ, ಬಾಲವನದಲ್ಲಿ ಆಟದಿಂದಲೇ ಕಲಿಸಬೇಕೆಂದು ಹೆಣಗಿದ ಶಿವರಾಮ ಕಾರಂತರ ಪಕ್ಷ ಯಾವುದೆಂಬುದನ್ನು ಹೇಳಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ಅನಂತರ ರಾಜ್ಯವನ್ನೆಲ್ಲ ವ್ಯಾಪಿಸಿದ ನಲಿಕಲಿಯೂ, ಮಣಿಚೌಕಟ್ಟು ಅಳತೆಪಟ್ಟಿಗಳ ಪೆಟ್ಟಿಗೆಯನ್ನು ಶಾಲೆಶಾಲೆಗೆ ಕಳುಹಿಸಿದ ಗಣಿತ ಕಲಿಕಾ ಆಂದೋಲನವೂ ಅದೇ ಪಕ್ಷದವು. ನನಗೆ ಆ ಪಕ್ಷದ ಮೇಲೆ ಗೌರವವಿದೆ. ಆದರೆ ಮಗ್ಗಿಯನ್ನು ಅರ್ಥದ ಶತ್ರುವೆಂದು ಸಾರುವವರನ್ನು ನಾನು ಒಪ್ಪಲಾರೆ. ಯಕ್ಷಗಾನದ ಭಾಗವತನು ತಾಳವನ್ನು ಬೆರಳಿಗೆ ಬರಿಸಿಕೊಂಡ ಮೇಲಲ್ಲವೆ ಪದದ ಭಾವಕ್ಕೆ ಮನಸ್ಸು ಕೊಡುವುದು? ಹಳೆಯ ಮಗ್ಗಿಯ ದೋಷ ಅದು ಬಾಯಿಪಾಠವಾದುದಲ್ಲ, ಬೆತ್ತದ ಜತೆಗೆ ಬಂದುದು. ಪೆಟ್ಟಿಗೆಗಳ ವಿಷಯದಲ್ಲಿಯೂ ನನ್ನದೊಂದು ಕೊರಗಿದೆ. ಅವುಗಳಲ್ಲಿ ಎಲ್ಲವೂ ಇರುತ್ತದೆ, ಚೆನ್ನೆಮಣೆ ಇರುವುದಿಲ್ಲ.

ಇತ್ತೀಚಿನ ಬದಲಾವಣೆಯೊಂದನ್ನು ಕುರಿತು ಯಾರೂ ಲೆಕ್ಕದ ದೃಷ್ಟಿಯಿಂದ ಮಾತನಾಡುವುದಿಲ್ಲ. 2019ರಿಂದ ಸರಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ತರಗತಿಗಳು ತೆರೆದಿವೆ. ಖಾಸಗಿ ಶಾಲೆಗಳಲ್ಲಿ ಅದು ಹಳೆಯ ಮಾತು. ತುಳುವಿನ ಮಗು ಒಂಜಿ, ರಡ್ಡ್, ಮೂಜಿ ಎಂದು ಎಣಿಸುತ್ತ ಬಂದು ಕನ್ನಡದ ಒಂದು, ಎರಡು, ಮೂರನ್ನು ಕಲಿಯುವುದು ನೆರೆಮನೆಗೆ ಹೋದಂತೆ. ಪತ್ತ್, ಇರ್ವ, ಮುಪ್ಪ ಎಂಬವು ಹತ್ತು, ಇಪ್ಪತ್ತು, ಮೂವತ್ತರ ದಾಯಾದಿಗಳೇ. ಹದಿಮೂರೆಂಬ ಮಾತಿನಲ್ಲಿ ಹತ್ತು ಮೊದಲು, ಮೂರು ಆಮೇಲೆ. ಬರೆಯುವಾಗಲೂ ಒಂದು ಮೊದಲು, ಮೂರು ಆಮೇಲೆ. ನಾಲಗೆಯೂ ಬಳಪವೂ ಒಂದೇ ದಿಕ್ಕಿನಲ್ಲಿ ನಡೆಯುವುವು. ಇಂಗ್ಲಿಷಿನ ಥರ್ಟೀನಿನಲ್ಲಿ ಮೂರು ಮುಂದೆ ಬಂದು ಹತ್ತು ಹಿಂದೆ ಉಳಿಯುವುದು. ಇಲೆವೆನ್, ಟ್ವೆಲ್ವ್ ಎಂಬವುಗಳಲ್ಲಿ ಹತ್ತು ಎಲ್ಲಿ ಅಡಗಿದೆಯೆಂಬುದು ಭಾಷಾಶಾಸ್ತ್ರಜ್ಞರಿಗೆ ಮಾತ್ರ ಗೋಚರ. ಥರ್ಟೀನ್ ಎಂದು ಹೇಳುತ್ತ 31 ಎಂದು ಬರೆಯುವ ಮಗುವಿನ ಕಿವಿ ಹಿಂಡುವ ಮೊದಲು, ಅದು ತಾನು ಕೇಳಿದ ಕ್ರಮದಲ್ಲಿಯೇ ಬರೆದಿದೆಯೆಂಬುದನ್ನು ನಾವು ನೋಡಬೇಡವೇ? ಇಂಗ್ಲಿಷ್ ಬೇಡವೆನ್ನುವುದು ನನ್ನ ಇಂಗಿತವಲ್ಲ. ನನ್ನ ಮನೆಯ ಮಕ್ಕಳೇ ಅದರಲ್ಲಿ ಓದುತ್ತಿರುವಾಗ ಹಾಗೆನ್ನುವ ಧೈರ್ಯವೂ ನನಗಿಲ್ಲ.

ಕಳೆದ ರಜೆಯಲ್ಲಿ ಮೊಮ್ಮಗಳು ಅಟ್ಟದಿಂದ ನನ್ನ ಅಜ್ಜನ ಕಳಸೆಯನ್ನು ಕೆಳಗಿಳಿಸಿ, ಅದರ ಹೊರಮೈಯ ಮೇಲೆ ಯಾರೋ ಮಸಿಯಿಂದ ಎಳೆದಿದ್ದ ಗೀಟುಗಳನ್ನು ಬೆರಳಿನಿಂದ ಸವರುತ್ತ ಇವೇನೆಂದು ಕೇಳಿದಳು. ನಿಂತದ್ದು ಕಾಲು, ವಾಲಿದ್ದು ವೀಸ ಎಂದೆನು. ವೀಸವೆಂದರೆ ಎಷ್ಟೆಂಬುದನ್ನು ಬಾಯಿಯಿಂದ ಹೇಳದೆ, ಅವಳ ಪುಸ್ತಕದ ಒಂದು ಹಾಳೆಯನ್ನು ಹರಿದುಕೊಟ್ಟು ನಾಲ್ಕು ಬಾರಿ ಮಡಚೆಂದೆನು. ಮಡಚಿ, ಬಿಚ್ಚಿ, ಮಡಿಕೆಯ ಗೆರೆಗಳ ನಡುವಿನ ಚೌಕಗಳನ್ನು ಎಣಿಸಿ ಹದಿನಾರೆಂದಳು. "ಇಷ್ಟು ಸಣ್ಣದಕ್ಕೂ ಒಂದು ಹೆಸರಿತ್ತಾ?" ಎಂದಳು. ಇನ್ನೆರಡು ಬಾರಿ ಮಡಚಿದರೆ ಕಾಣಿ ಬರುವುದೆಂದೆನು. ಅವಳು ಹಾಳೆಯನ್ನು ಮೊದಲಿನಂತೆ ಮಡಚಿಕೊಂಡು, ಐದನೆಯ ಮಡಿಕೆಯನ್ನು ನೆಲದ ಮೇಲಿಟ್ಟು ಅಂಗೈಯಿಂದ ಒತ್ತಿದಳು; ಆರನೆಯದನ್ನು ಮಡಚಿ, ಅದು ಮತ್ತೆ ಮತ್ತೆ ಬಾಯಿ ಬಿಡುತ್ತಿದ್ದುದರಿಂದ, ಅದರ ಮೇಲೆ ಕಳಸೆಯನ್ನು ಹೇರಿಟ್ಟು ಊಟಕ್ಕೆ ಎದ್ದಳು.